ಹಗ್ಗ ದಾಟಿದ ರಾಮವ್ವ

ಏಕಸಂಬಿಯ ಆಚೆ, ದೂಧಗಂಗೆಯ ದಂಡೆಯ ಮೇಲಿರುವ ಆ ಊರಿನಲ್ಲಿ ರಾಮವ್ವನ ಕೈಯ ಏಟು ತಿನ್ನದ ಗಂಡಸರು ಕಡಿಮೆ ಎಂದು ಜನ ನಗುತ್ತ ಹೇಳುತ್ತಾರೆ. ನಗುವುದು ಈಗ. ಆಗ ಯಾರೂ ನಗುತ್ತಿರಲಿಲ್ಲ.

ಕಬ್ಬಿನ ಹೊಲಗಳಲ್ಲಿ ಕಸ ತೆಗೆಯುವ ಹೆಂಗಸರ ಟೋಳಿಯೊಂದನ್ನು ಕಟ್ಟಿಕೊಂಡು ದುಡಿಯುವವಳು ಆಕೆ. ಬೆಳಗ್ಗೆ ಎಲ್ಲರನ್ನೂ ಟೆಂಪೋದಲ್ಲಿ ತುಂಬಿಕೊಂಡು ಹೋಗುವುದು, ಹೊತ್ತು ಇಳಿಯುವ ಮುಂಚೆ ಮರಳಿ ಕರೆತರುವುದು, ಹೊಲದ ಮಾಲೀಕ ಮಾತು ತಪ್ಪಿದರೆ ಅವನ ಅಂಗಳಕ್ಕೇ ಹೋಗಿ ನಿಲ್ಲುವುದು ಆಕೆಯ ಕೆಲಸ. ಒಮ್ಮೆ ರಾಯಬಾಗದ ಕಡೆಯ ಒಂದು ಹೊಲದಲ್ಲಿ, ನೀರು ಕುಡಿಯಲು ಬಾವಿಯ ಹತ್ತಿರ ಹೋದ ಟೋಳಿಯ ಹುಡುಗಿಯೊಬ್ಬಳ ಸೆರಗಿಗೆ ಮಾಲೀಕನ ತಮ್ಮ ಕೈ ಹಾಕಿದ. ರಾಮವ್ವ ಗುದ್ದಲಿಯ ಕಾವು ತೆಗೆದುಕೊಂಡು ಅವನ ಮುಂಗೈ ಮೇಲೆ ಹೊಡೆದಳು. ಎಲುಬು ಮುರಿದ ಸಪ್ಪಳ ಬಾವಿಯ ಆಚೆ ನಿಂತವರಿಗೂ ಕೇಳಿಸಿತು. ಆಮೇಲೆ ಕೂಡಿದ ಹಿರಿಯರು ಆಕೆಯನ್ನು ಬೈಯಲಿಲ್ಲ. ಮುರಿದ ಕೈಯವನೇ ತಲೆ ತಗ್ಗಿಸಿ ಕುಳಿತಿದ್ದ. ಹೊಡೆದರೆ ಮಾತ್ರ ಜನ ಕೇಳುತ್ತಾರೆ ಎಂಬುದು ಆ ದಿನ ಆಕೆಯ ಎದೆಯಲ್ಲಿ ಗಟ್ಟಿಯಾಗಿ ಕುಳಿತಿತು. ಅದು ಸುಳ್ಳು ಎಂದು ತೋರಿಸುವಂಥದ್ದು ಬಹಳ ವರ್ಷ ಏನೂ ನಡೆಯಲಿಲ್ಲ.

ಗಂಡ ಲಗಮಪ್ಪ ಟ್ರ್ಯಾಕ್ಟರ್ ಡ್ರೈವರ್, ಮೆತ್ತನೆಯ ಮನುಷ್ಯ. ಕಾರ್ಖಾನೆ ಚಾಲೂ ಆಯಿತೆಂದರೆ ಕಬ್ಬು ಸಾಗಿಸುತ್ತ ವಾರಗಟ್ಟಲೆ ಹೊರಗೇ ಇರುತ್ತಿದ್ದ. ಮನೆಗೆ ಬಂದಾಗ ಚಹದ ಬಟ್ಟಲು ಹಿಡಿದು ಹೊಸ್ತಿಲ ಹತ್ತಿರ ಕುಳಿತು, ಹೆಂಡತಿ ಯಾರ ಜೊತೆ ಜಗಳವಾಡಿದಳು, ಯಾರಿಗೆ ಹೊಡೆದಳು ಎಂಬುದನ್ನೆಲ್ಲ ಸುಮ್ಮನೆ ಕೇಳುತ್ತಿದ್ದ. ಅವರಿಗೆ ಒಬ್ಬಳೇ ಮಗಳು, ಕಾಜಲ. ಕಡ್ಡಿಯಂಥ ಮೈ, ಉದ್ದ ಕಾಲು, ಕಡಿಮೆ ಮಾತು. ಎಂಟನೆಯ ಇಯತ್ತೆಯಲ್ಲಿದ್ದಾಗ ಹೈಸ್ಕೂಲಿನ ಪಿ.ಟಿ. ಮಾಸ್ತರ ಬಾಪುಸಾಹೇಬರು ಆಕೆಯನ್ನು ಕಬಡ್ಡಿ ತಂಡಕ್ಕೆ ತೆಗೆದುಕೊಂಡರು. ವರ್ಷ ತುಂಬುವುದರೊಳಗೆ ಎದುರಿನ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ಕಾಜಲಳಷ್ಟು ಚುರುಕು ಹುಡುಗಿ ಸುತ್ತಲಿನ ಶಾಲೆಗಳಲ್ಲಿ ಇರಲಿಲ್ಲ.

ಮಗಳ ಮೊದಲ ದೊಡ್ಡ ಪಂದ್ಯ ನೋಡಲು ರಾಮವ್ವ ಟೋಳಿಯ ಹೆಂಗಸರನ್ನೂ ಕರೆದುಕೊಂಡು ಹೋದಳು. ಪಂದ್ಯ ಶುರುವಾಗುವ ಮುಂಚೆ ಮೈಕಿನಲ್ಲಿ ನಿಯಮ ಓದಿದರು: ಪ್ರೇಕ್ಷಕರು ಹಗ್ಗದ ಹೊರಗೆ ಇರಬೇಕು, ಆಟಗಾರ್ತಿಯರನ್ನು ನಿಂದಿಸಬಾರದು, ನಿರ್ಣಾಯಕರ ತೀರ್ಪೇ ಅಂತಿಮ. ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಯಾವುದೋ ಊರಿನ ಬಸ್ಸಿನ ಹೆಸರು ಕೂಗಿದಾಗ ಕೇಳುವ ಹಾಗೆ ಜನ ಅದನ್ನು ಕೇಳಿದರು. ಆಟ ನಡೆದ ಹಾಗೆ ಹಗ್ಗದ ಹತ್ತಿರ ನಿಂತ ಕೆಲವು ತರುಣರು ಹುಡುಗಿಯರ ಚಡ್ಡಿಯ ಬಗ್ಗೆ, ತೊಡೆಯ ಬಗ್ಗೆ ಹೊಲಸು ಮಾತಾಡತೊಡಗಿದರು. ಒಬ್ಬ ಮೊಬೈಲ್ ಹಿಡಿದು, ಬಿದ್ದ ಹುಡುಗಿಯ ವಿಡಿಯೋ ತೆಗೆಯುತ್ತಿದ್ದ. ಮಾಸ್ತರರೆಲ್ಲ ಕೇಳಿಯೂ ಕೇಳದವರಂತೆ ನೆಲ ನೋಡುತ್ತ ನಿಂತಿದ್ದರು. ರಾಮವ್ವ ಚಪ್ಪಲಿ ಬಿಚ್ಚಿ ಆ ಮೊಬೈಲಿನವನ ಮುಖಕ್ಕೆ ಹೊಡೆದಳು. ಅವನ ತುಟಿ ಒಡೆಯಿತು. ಅವನು ಓಡಿದ, ಟೋಳಿಯ ಹೆಂಗಸರು ಗೇಟಿನ ತನಕ ಅಟ್ಟಿಸಿಕೊಂಡು ಹೋಗಿ ಮತ್ತಷ್ಟು ಹೊಡೆದರು. ಮೈದಾನವೆಲ್ಲ ಚಪ್ಪಾಳೆ ತಟ್ಟಿತು. ಊರಿಗೆ ಮರಳಿದಾಗ ಶಾಲೆಯಲ್ಲಿ ಆಕೆಗೆ ಶಾಲು ಹೊದಿಸಿ, ನಮ್ಮ ಹೆಣ್ಣುಮಕ್ಕಳಿಗೆ ಇಂಥ ತಾಯಿ ಬೇಕು ಎಂದು ಬಾಪುಸಾಹೇಬರು ಭಾಷಣ ಮಾಡಿದರು.

ಆ ಶಾಲಿನಿಂದಲೇ ಎಲ್ಲ ಕೆಟ್ಟಿತು ಎಂದು ಲಗಮಪ್ಪ ಮುಂದೆ ಒಮ್ಮೆ ನನ್ನ ಹತ್ತಿರ ಹೇಳಿದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಆಮೇಲಿನ ಪ್ರತಿ ಪಂದ್ಯಕ್ಕೂ ರಾಮವ್ವ ಹೋದಳು. ಈಗ ಹೊಲಸು ಮಾತಾಡುವವರು ಇರಲಿಲ್ಲ. ಆದರೆ ಕೈ ಸುಮ್ಮನಿರಲಿಲ್ಲ. ಎದುರಿನ ತಂಡದ ಹುಡುಗಿ ಕಾಜಲಳನ್ನು ಕೆಡವಿದರೆ ಆ ಹುಡುಗಿಯ ಹಡೆದವರನ್ನೆಲ್ಲ ಎತ್ತಿ ಬೈಯುತ್ತಿದ್ದಳು. ಅಥಣಿಯಲ್ಲಿ ಆಟ ಮುಗಿದು ನೀರು ಕುಡಿಯಲು ಬಂದ ಹುಡುಗಿಯೊಬ್ಬಳ ಜಡೆ ಹಿಡಿದು ಜಗ್ಗಿ ನೆಲಕ್ಕೆ ಹಾಕಿದಳು. ನಿಪ್ಪಾಣಿಯಲ್ಲಿ ಗೆರೆಯ ಹತ್ತಿರ ಕುಳಿತ ನಿರ್ಣಾಯಕನ ಕುರ್ಚಿಯನ್ನು ಹಿಂದಿನಿಂದ ಒದ್ದಳು; ಆತ ಎದ್ದು ಮಣ್ಣು ಝಾಡಿಸಿಕೊಂಡು, ಮುಂದಿನ ಪಾಯಿಂಟನ್ನು ತೆಪ್ಪಗೆ ಕಾಜಲಳ ತಂಡಕ್ಕೆ ಕೊಟ್ಟ. ಊರಿನ ಹುಡುಗರು ಆಕೆಯ ಹಿಂದೆ ದಂಡಾಗಿ ಬರತೊಡಗಿದರು. ಅವರಲ್ಲಿ ಮುಂದಾಳು ಅಮೋಲ. ಕಾಲೇಜು ಬಿಟ್ಟು ತಿರುಗುತ್ತಿದ್ದ ದಾಂಡಿಗ. ರಾಮವ್ವ "ಹಾಕ್ ಬೇ" ಎಂದು, ಬಿಡದೆ ಬಾರಿಸು ಎಂಬ ಹಾಗೆ, ಕೂಗಿದರೆ ಅವರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ತಂಡ ಗೆಲ್ಲುತ್ತಲೇ ಇತ್ತು. ಎಷ್ಟು ಗೆಲುವು ಮಕ್ಕಳ ಆಟದ್ದು, ಎಷ್ಟು ನಿರ್ಣಾಯಕರ ಹೆದರಿಕೆಯದ್ದು ಎಂದು ಬಾಪುಸಾಹೇಬರು ಯೋಚಿಸಲು ಹೋಗಲಿಲ್ಲ.

ಯೋಚಿಸಿದವಳು ಕಾಜಲ. ಒಂದು ದಿನ ಊಟಕ್ಕೆ ಕುಳಿತಾಗ, ನೀನು ಬರಬೇಡ ಎಂದು ತಾಯಿಗೆ ಹೇಳಿದಳು. ಎದುರಿನ ಹುಡುಗಿಯರು ನನ್ನ ಕೈ ಕುಲುಕಲು ಹೆದರುತ್ತಾರೆ ಎಂದಳು. ರಾಮವ್ವ ಎಡಗೈಯಿಂದ ಮಗಳ ಕೆನ್ನೆಗೆ ಬಾರಿಸಿ, ಉಣ್ಣುವುದನ್ನು ಮುಂದುವರಿಸಿದಳು. ಆ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ.

ಕಾಜಲ ಹತ್ತನೆಯ ಇಯತ್ತೆಯಲ್ಲಿದ್ದ ವರ್ಷ, ಉಗಾರ ಖುರ್ದದ ಹತ್ತಿರದ ಒಂದು ಶಾಲೆಯವರು ಸುವರ್ಣ ಮಹೋತ್ಸವದ ನಿಮಿತ್ತ ಹೈಸ್ಕೂಲು ಹುಡುಗಿಯರ ಕಬಡ್ಡಿ ಇಟ್ಟರು. ಕಬ್ಬಿನ ಹಂಗಾಮು ಜೋರಾಗಿ ನಡೆದಿತ್ತು. ಮೈದಾನದ ಪಕ್ಕದ ರಸ್ತೆಯಲ್ಲಿ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತಿದ್ದವು. ಎರಡೆರಡು ಟ್ರೇಲರು, ತಲೆ ಮೀರಿದ ಕಬ್ಬು. ಡ್ರೈವರುಗಳೂ ಇಳಿದು ಬಂದು ಕಂಪೌಂಡಿನ ಮೇಲೆ ಕುಳಿತು ಆಟ ನೋಡುತ್ತಿದ್ದರು.

ಫೈನಲ್ಲಿಗೆ ಕಾಜಲಳ ತಂಡ ಮತ್ತು ಕಾಗವಾಡ ಕಡೆಯ ಒಂದು ಶಾಲೆಯ ತಂಡ ಬಂದವು. ಕಾಗವಾಡದವರ ನಾಯಕಿ ಮನಿಷಾ, ಜೈನ ರೈತರ ಮನೆಯ ಹುಡುಗಿ. ಹಿಡಿದರೆ ಬಿಡದ ಉಡದಂಥ ಹಿಡಿತ ಆಕೆಯದು. ನಿರ್ಣಾಯಕಿಯಾಗಿ ಬಂದವರು ಮಸರತ ಟೀಚರ್. ಹಾರೂಗೇರಿ ಕಡೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಕಲಿಸುವವರು, ಒಂದು ಕಾಲಕ್ಕೆ ತಾವೂ ಆಡಿದವರು. ರಾಮವ್ವನ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಪಂದ್ಯಕ್ಕೆ ಮುಂಚೆ ನೇರ ಆಕೆಯ ಹತ್ತಿರ ಬಂದು ಕೈ ಮುಗಿದು, ಹಗ್ಗದ ಆಚೆಯೇ ಇರಬೇಕೆಂದು ಕೇಳಿಕೊಂಡರು. ರಾಮವ್ವ ಎಲೆ ಅಡಿಕೆ ಅಗಿಯುತ್ತ ಬೇರೆ ಕಡೆ ನೋಡಿದಳು.

ಆಟ ಸಮ ಸಮ ನಡೆಯಿತು. ಕೊನೆಯ ಹೊತ್ತಿಗೆ ಎರಡೂ ತಂಡದ ಅಂಕ ಸಮ. ಕಾಜಲ ಎದುರಿನ ಅಂಗಳಕ್ಕೆ ಹೋದಳು. ಕಬಡ್ಡಿಯ ಅಂಗಳದ ಎರಡೂ ಬದಿಗೆ ಒಂದೊಂದು ಪಟ್ಟಿ ಇರುತ್ತದೆ; ಎದುರಿನವರನ್ನು ಮುಟ್ಟುವ ಮೊದಲೇ ಆ ಪಟ್ಟಿಯೊಳಗೆ ಕಾಲಿಟ್ಟರೆ ಔಟು. ಮನಿಷಾಳ ಕೈ ತಪ್ಪಿಸಲು ಹೋಗಿ ಕಾಜಲಳ ಕಾಲು ಪಟ್ಟಿಯೊಳಗೆ ಬಿತ್ತು. ಆಮೇಲೆ ಆಕೆ ಮನಿಷಾಳ ಭುಜ ಮುಟ್ಟಿ ಮರಳಿ ಬಂದಳು. ಊರವರು ಗೆದ್ದೆವೆಂದು ಕುಣಿಯತೊಡಗಿದರು. ಮಸರತ ಟೀಚರ್ ಸೀಟಿ ಊದಿ ಪಟ್ಟಿಯ ಕಡೆ ಕೈ ತೋರಿಸಿದರು. ಕುಣಿತ ನಿಂತು ಬೈಗುಳ ಎದ್ದಿತು. ಗೆರೆಯ ಹತ್ತಿರ ಕುಳಿತ ಸಹಾಯಕ ತನಗೆ ಕಾಣಲಿಲ್ಲ ಎಂದು ಹಿಂದೆ ಸರಿದ. ಆಗ ಕಾಜಲ ಕೈ ಎತ್ತಿದಳು.

"ಹೌದ್ರಿ ಟೀಚರ್, ಮುಟ್ಟೂಕಿಂತ ಮದಲ ನನ್ನ ಕಾಲ ಒಳಗ ಬಿದ್ದಿತ್ರಿ."

ರಾಮವ್ವ ಹಗ್ಗ ಹಾರಿದಳು. ಮೊದಲ ಏಟು ಬಿದ್ದದ್ದು ಮಗಳಿಗೆ. ಎತ್ತಿದ ಆ ಕೈಯನ್ನೇ ಹಿಡಿದು ತಿರುವಿ ಬೆನ್ನಿಗೆ ಗುದ್ದಿದಳು. ಕಾಜಲ ಮೊಣಕಾಲೂರಿ ಬಿದ್ದಳು. ಮತ್ತೊಂದು ಗುದ್ದಿಗೆ ಕೈ ಎತ್ತುವಷ್ಟರಲ್ಲಿ ಮಸರತ ಟೀಚರ್ ನಡುವೆ ಬಂದು ನಿಂತರು. ಸೀಟಿ ಅವರ ಬಾಯಿಯಲ್ಲೇ ಇತ್ತು. ಜೋರಾಗಿ ಊದುತ್ತ, ಗೇಟಿನ ಹತ್ತಿರ ಬಂದೋಬಸ್ತಿಗೆ ನಿಂತ ಪೊಲೀಸರ ಕಡೆ ಕೈ ಮಾಡಿ ಕರೆಯುತ್ತಿದ್ದರು. ರಾಮವ್ವ ಮುಷ್ಟಿ ಬಿಗಿದು ಅವರ ಬಾಯಿಗೇ ಹೊಡೆದಳು. ಸೀಟಿ ಒಡೆದು ಅದರ ಚೂರು ವಸಡಿನೊಳಗೆ ಇಳಿಯಿತು. ಟೀಚರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬಗ್ಗಿದರು. ಬೆರಳುಗಳ ನಡುವಿನಿಂದ ರಕ್ತವೂ ಮುಂದಿನ ಹಲ್ಲುಗಳೂ ಮಣ್ಣಿಗೆ ಬಿದ್ದವು.

ದಂಡು ಅದಕ್ಕೇ ಕಾಯುತ್ತಿದ್ದಂತೆ ಒಳಗೆ ನುಗ್ಗಿತು. ಅಮೋಲ ಮತ್ತು ಅವನ ಗೆಳೆಯರು ಕಂಪೌಂಡು ಹಾರಿ, ನಿಂತ ಟ್ರೇಲರುಗಳಿಂದ ಕಬ್ಬು ಹಿರಿದು ತಂದರು. ಹಸಿ ಕಬ್ಬಿನ ಗಳದ ಏಟು ಬಡಿಗೆಯ ಏಟಿಗಿಂತ ಕಡಿಮೆಯದ್ದಲ್ಲ. ಗಣಿಕೆಯ ಗಂಟು ತಾಗಿದಲ್ಲಿ ಚರ್ಮ ಹರಿಯುತ್ತದೆ. ಕಾಗವಾಡದ ಕಡೆಯ ಜನವೂ ಕಬ್ಬಿಗೆ ಕೈ ಹಾಕಿದರು. ಕುರ್ಚಿಗಳು ಹಾರಿದವು. ಮೈಕಿನ ಕಂಬ ಮಕ್ಕಳು ಕುಳಿತ ಜಮಖಾನೆಯ ಮೇಲೆ ಉರುಳಿತು. ಚೀರಾಟದ ನಡುವೆ ಎಲ್ಲಿ ನೋಡಿದರೂ ಮೇಲೆದ್ದು ಕೆಳಗೆ ಬೀಳುವ ಕಬ್ಬು. ಒಬ್ಬ ಮುದುಕ ಹರಿದ ಕಿವಿ ಹಿಡಿದುಕೊಂಡು ಗೇಟು ಎಲ್ಲಿದೆ ಎಂದು ಕೇಳುತ್ತ ಸುತ್ತುತ್ತಿದ್ದ.

ರಾಮವ್ವ ಒಂದು ಕ್ಷಣ ಆ ಗದ್ದಲದ ನಡುವೆ ಎದೆ ಉಬ್ಬಿಸಿ ನಿಂತಿದ್ದಳಂತೆ. ತನ್ನ ಒಂದು ಏಟಿಗೆ ಇಷ್ಟು ಜನ ಎದ್ದರಲ್ಲ ಎಂದು ಖುಷಿಯಾಗಿತ್ತು ಎಂದು ಆಕೆಯೇ ಹೇಳುತ್ತಾಳೆ; ಮುಚ್ಚಿಡುವುದಿಲ್ಲ. ಆಮೇಲೆ ಮನಿಷಾ ಕಂಡಳು. ಹುಡುಗಿ ಅಂಗಳದ ಮೂಲೆಯಲ್ಲಿ ಬಿದ್ದಿದ್ದಳು. ಅಮೋಲ ಅವಳ ಮೇಲೆ ಕಬ್ಬು ಬೀಸುತ್ತಿದ್ದ. ತಲೆಗೆ ಬೀಳುವ ಏಟನ್ನು ತಡೆಯಲು ಆಕೆ ಬಲಗೈ ಅಡ್ಡ ಹಿಡಿದಿದ್ದಳು. ಆ ಕೈ ಮೊಣಕೈಯಲ್ಲಿ ಬಾಗಬಾರದ ಕಡೆ ಬಾಗಿತ್ತು. ಪ್ರತಿ ಏಟಿಗೂ ಅಮೋಲ "ಹಾಕ್ ಬೇ, ಹಾಕ್ ಬೇ" ಎನ್ನುತ್ತಿದ್ದ.

ರಾಮವ್ವ ಓಡಿಹೋಗಿ ಅವನ ಅಂಗಿ ಹಿಡಿದು ಜಗ್ಗಿದಳು. ಅವನು ತಿರುಗಿ ನೋಡಿ, ಯಾರೆಂದು ಗುರುತು ಹಿಡಿದೂ ಆಕೆಯ ಪಕ್ಕೆಗೆ ಒದ್ದ.

"ಚಾಲೂ ಮಾಡಿದಾಕಿ ನೀನ, ಕಾಕಿ. ಈಗ ನಡಕ ಬಂದು ಸಾಕು ಅಂತೀಯೇನ?"

ಆಕೆ ಅವನನ್ನು ಹೊಡೆದಳು. ಅವನ ಜೊತೆಯವರು ಆಕೆಯನ್ನು ಹೊಡೆದರು. ತನ್ನ ಕೈಯ ಬಲ ಅಷ್ಟು ಜನರ ಮುಂದೆ ಏನೂ ಅಲ್ಲವೆಂದು ಆಕೆಗೆ ಆಗ ತಿಳಿಯಿತು. ಕೊನೆಗೆ ಮನಿಷಾಳ ಮೇಲೆ ಬೋರಲು ಬಿದ್ದುಕೊಂಡಳು. ಅಡಿಯಲ್ಲಿದ್ದ ಹುಡುಗಿ, ರಕ್ಷಿಸಲು ಬಂದವಳೋ ಕೊಲ್ಲಲು ಬಂದವಳೋ ತಿಳಿಯದೆ, ಆಕೆಯ ಭುಜವನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಬೆನ್ನ ಮೇಲೆ ಕಬ್ಬು ಬೀಳುತ್ತಿತ್ತು, ಭುಜದಲ್ಲಿ ಹಲ್ಲು ಇಳಿಯುತ್ತಿತ್ತು. ಹಾಗೇ ಬಿದ್ದಲ್ಲಿಂದ ಆಕೆಗೆ ಅಂಗಳದ ಆಚೆಯ ಮಗ್ಗುಲು ಕಾಣಿಸಿತು. ಎರಡೂ ತಂಡದ ಹುಡುಗಿಯರು ಒಬ್ಬರ ಕೈಯೊಳಗೆ ಒಬ್ಬರು ಕೈ ಸೇರಿಸಿ, ನೆಲದಲ್ಲಿ ಕುಳಿತ ಮಸರತ ಟೀಚರರ ಸುತ್ತ ಸರಪಳಿ ಕಟ್ಟಿ ನಿಂತಿದ್ದರು. ಎದುರಾಳಿಯನ್ನು ಹಿಡಿಯುವಾಗ ಕಟ್ಟುವ ಸರಪಳಿ ಅದು. ಅದನ್ನು ಒಡೆಯಲು ಬಂದ ದೊಡ್ಡ ಗಂಡಸರನ್ನು ಆ ಮಕ್ಕಳು ಒದ್ದು ಹಿಂದಕ್ಕೆ ದೂಡುತ್ತಿದ್ದರು. ನಡುವೆ ಕಾಜಲ ಇದ್ದಳು. ಹುಬ್ಬಿನಿಂದ ರಕ್ತ ಸೋರುತ್ತಿತ್ತು. ತಾಯಿಯ ಕಡೆ ಒಮ್ಮೆಯೂ ನೋಡಲಿಲ್ಲ.

ಪೊಲೀಸರು ಲಾಠಿ ಬೀಸಿ ಮೈದಾನ ಖಾಲಿ ಮಾಡಿಸಿದಾಗ ರಾಮವ್ವನ ಪಕ್ಕೆಲುಬು ಮುರಿದಿತ್ತು.

ಕೇಸಾಯಿತು. ರಾಮವ್ವ, ಅಮೋಲ ಮತ್ತು ಇನ್ನೂ ಹಲವರು ಒಳಗೆ ಹೋದರು. ಜಾಮೀನು ಸಿಕ್ಕು ಹೊರಗೆ ಬಂದ ದಿನವೇ ಬಾಪುಸಾಹೇಬರು ಊರಿನ ಕೆಲವು ಪ್ರಮುಖರನ್ನು ಕರೆದುಕೊಂಡು ಮನೆಗೆ ಬಂದರು. ನಿರ್ಣಾಯಕಿ ಬೇಕೆಂದೇ ಮೋಸ ಮಾಡಿದಳು, ಮೊದಲು ಕೈ ಮಾಡಿದವಳೂ ಆಕೆಯೇ ಎಂದು ಹೇಳಿಕೆ ಕೊಟ್ಟರೆ ಕೇಸು ಸಡಿಲಾಗುತ್ತದೆ ಎಂದರು. ಬಂದವರಲ್ಲಿ ಒಬ್ಬ, ಟೀಚರರ ಜಾತಿ ಹಿಡಿದು ಮಾತು ಎತ್ತಿದ. ಹಾಗೆ ಹೇಳಿದರೆ ಬೆನ್ನಿಗೆ ಬಹಳ ಜನ ನಿಲ್ಲುತ್ತಾರೆ ಎಂದ. ರಾಮವ್ವ ಪಕ್ಕೆಗೆ ಪಟ್ಟಿ ಬಿಗಿದುಕೊಂಡು ಗೋಡೆಗೆ ಒರಗಿ ಕುಳಿತಿದ್ದಳು. ಉಸಿರು ತೆಗೆದುಕೊಂಡರೂ ನೋಯುತ್ತಿತ್ತು.

"ಆಕಿ ಖರೇ ಹೇಳಿದ್ಲು, ನಾ ಆಕಿ ಬಾಯಿ ಒಡದ್ನಿ," ಎಂದಳು. "ಅದಕ್ಕ ಬ್ಯಾರೆ ಹೆಸರ ಇಡಾಕ ಬಂದವ ಮನಿಯಿಂದ ಹೊರಗ ನಡಕೋತ ಹೋಗೂದಿಲ್ಲ."

ಅವರು ಎದ್ದು ಹೋದರು. ಬಾಪುಸಾಹೇಬರು ಮುಂದೆ ಆಕೆಯ ಓಣಿಗೇ ಬರಲಿಲ್ಲ. ಶಾಲೆಯ ತಂಡವನ್ನು ಎರಡು ವರ್ಷ ಎಲ್ಲ ಸ್ಪರ್ಧೆಗಳಿಂದ ಹೊರಗಿಟ್ಟರು. ಕೆಳಗಿನ ಇಯತ್ತೆಯ ಹುಡುಗಿಯರು ಏನೂ ತಪ್ಪು ಮಾಡದೆ ಆಟ ಕಳೆದುಕೊಂಡರು. ಅವರ ತಾಯಂದಿರು ನೀರು ತರಲು ಬಂದಾಗ ರಾಮವ್ವನ ಕೊಡದ ಪಕ್ಕ ತಮ್ಮ ಕೊಡ ಇಡುತ್ತಿರಲಿಲ್ಲ. ಟೋಳಿಯಲ್ಲೂ ಅರ್ಧ ಜನ ಬೇರೆಯವರ ಹಿಂದೆ ಹೋದರು. ಕಾಜಲ ತಾಯಿಯ ಜೊತೆ ಮಾತು ನಿಲ್ಲಿಸಿದಳು. ಪರೀಕ್ಷೆ ಮುಗಿದ ಕೂಡಲೇ ಚಿಕ್ಕೋಡಿಯಲ್ಲಿದ್ದ ಲಗಮಪ್ಪನ ಅಕ್ಕನ ಮನೆಗೆ ಹೋಗಿ, ಅಲ್ಲೇ ಕಾಲೇಜು ಸೇರಿದಳು. ಆಟ ಬಿಟ್ಟಳು. ಬಸ್ಸು ಹತ್ತಿಸಲು ಹೋದ ಲಗಮಪ್ಪನಿಗೆ ಒಂದೇ ಮಾತು ಹೇಳಿದ್ದಳು: "ನಾ ಔಟ್ ಅಂತ ಕೈ ಎತ್ತಿದ್ನೆಪ್ಪಾ. ಕಳವ ಮಾಡಿದ್ರೂ ಅವ್ವ ಇಷ್ಟ ಹೊಡೀತಿರಲಿಲ್ಲ."

ಲಗಮಪ್ಪ ಅದನ್ನು ಹಾಗೇ ಬಂದು ಹೆಂಡತಿಗೆ ಹೇಳಿದ. ಅವನು ಆಕೆಗೆ ಎದುರಾಡಿದ್ದು ಎಂದರೆ ಅದೊಂದೇ ಸಲ, ಅದೂ ಮಗಳ ಮಾತಿನಲ್ಲಿ.

ಮಳೆಗಾಲದ ಹೊತ್ತಿಗೆ ರಾಮವ್ವ ಒಬ್ಬಳೇ ಬಸ್ಸು ಹತ್ತಿ ಮನಿಷಾಳ ಊರಿಗೆ ಹೋದಳು. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಮನಿಷಾಳ ತಾಯಿ ಮಂಗಲ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇರುವೆ ತುಳಿಯದಂತೆ ನೋಡಿ ಹೆಜ್ಜೆ ಇಡುವ ಮನೆತನದ ಹೆಂಗಸು. ಬಂದವಳು ಯಾರೆಂದು ತಿಳಿದ ಕೂಡಲೇ ಮೊರ ಕೆಳಗಿಟ್ಟು ಎದ್ದು ಬಂದು ರಾಮವ್ವನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಮೂರನೆಯದಕ್ಕೆ ರಾಮವ್ವನ ಕೈ ತಾನಾಗಿ ಮೇಲೆದ್ದು ಮಂಗಲಳ ಮಣಿಕಟ್ಟನ್ನು ಹಿಡಿಯಿತು. ಕಡ್ಡಿ ಮುರಿದಂತೆ ಮುರಿಯಬಹುದಿತ್ತು. ಮಂಗಲಳ ಕಣ್ಣಿನಲ್ಲಿ ಹೆದರಿಕೆ ಬಂತು. ಅದನ್ನು ನೋಡಿ ರಾಮವ್ವ ಕೈ ಬಿಟ್ಟು, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಹೊಡೀರಿ ಅಕ್ಕಾರ," ಎಂದಳು.

ಮಂಗಲ ಹೊಡೆದಳು. ಎಷ್ಟು ಹೊಡೆದಳೆಂದರೆ ಬಳೆ ಒಡೆದು ರಾಮವ್ವನ ಕೆನ್ನೆ ಹರಿದು ರಕ್ತ ಬಂತು. ಆಮೇಲೆ ತಾನೇ ಅಳುತ್ತ ಕಟ್ಟೆಯ ಮೇಲೆ ಕುಸಿದಳು. ಒಳಗಿನಿಂದ ಮನಿಷಾ ಬಂದು ಬಾಗಿಲಲ್ಲಿ ನಿಂತಳು. ಎರಡು ಸಲ ಆಪರೇಷನ್ ಆಗಿದ್ದರೂ ಬಲಗೈ ಪೂರ್ತಿ ನೀಡಲು ಬರುತ್ತಿರಲಿಲ್ಲ; ಅರ್ಧಕ್ಕೆ ಮಡಚಿದಂತೆಯೇ ನಿಂತಿತ್ತು. ಕಾಜಲ ಆಡುತ್ತಿದ್ದಾಳೆಯೇ ಎಂದು ಕೇಳಿದಳು. ಬಿಟ್ಟಿದ್ದಾಳೆ ಎಂದು ರಾಮವ್ವ ಹೇಳಿದಳು.

"ಆಕಿ ಆಡ್ಲಿ. ಆಕಿದೇನ ತಪ್ಪಿಲ್ಲ," ಎಂದಳು ಹುಡುಗಿ. "ನೀವು ನೋಡಾಕ ಹೋಗಬ್ಯಾಡ್ರಿ. ನಾ ಇನ್ನ ಆಡೂದಿಲ್ಲ, ನೀವು ನೋಡೂದು ಬ್ಯಾಡ."

ಕುಡಿಯಲು ನೀರು ಕೊಡಲಿಲ್ಲ. ರಾಮವ್ವ ಕೇಳಲೂ ಇಲ್ಲ.

ಆ ಮಾತನ್ನು ಆಕೆ ಚಿಕ್ಕೋಡಿಗೆ ಹೋಗಿ ಮಗಳಿಗೆ ಮುಟ್ಟಿಸಿದಳು. ಕಾಜಲ ಬಾಗಿಲಲ್ಲೇ ನಿಂತು ಕೇಳಿ, ತಾಯಿಯ ಕೆನ್ನೆಯ ಗಾಯ ನೋಡಿ ಒಳಗೆ ಹೋದಳು. ಆದರೆ ಮುಂದಿನ ವಾರ ಮನಿಷಾಳಿಗೆ ಫೋನ್ ಮಾಡಿದಳು. ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ಕಾಜಲ ಮತ್ತೆ ಅಂಗಳಕ್ಕೆ ಇಳಿದಳು. ಒಂದು ವರ್ಷಕ್ಕೂ ಹೆಚ್ಚು ಕಾಲ ಎಲ್ಲೆಲ್ಲೋ ಆಡಿದಳು. ರಾಮವ್ವ ಒಂದು ಪಂದ್ಯಕ್ಕೂ ಹೋಗಲಿಲ್ಲ. ಮಗಳು ಆಡುವ ದಿನ ಹೊಲದಲ್ಲಿ ಆಕೆಯ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಕಸದ ಜೊತೆ ಕಬ್ಬಿನ ಸಸಿಯನ್ನೂ ಕಿತ್ತೊಗೆಯುತ್ತಿದ್ದಳು. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆದುಕೊಟ್ಟಳು. ಅಲ್ಲಿ ಮಸರತ ಟೀಚರ್ ಬಂದಿದ್ದರು, ಹೊಸ ಹಲ್ಲು ಕಟ್ಟಿಸಿಕೊಂಡು. ರಾಮವ್ವ ಕಾಲಿಗೆ ಬೀಳಲು ಹೋದಾಗ ಹಿಂದೆ ಸರಿದರು. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಈಗಲೂ ಸೀಟಿ ಬಾಯಿಗಿಟ್ಟುಕೊಂಡಾಗ ಹಿಂದಿನಿಂದ ಯಾರಾದರೂ ಓಡಿ ಬಂದರೆ ಮೈ ನಡುಗುತ್ತದೆ ಎಂದರು, ಆದರೆ ಸೀಟಿ ಬಿಟ್ಟಿಲ್ಲ ಎಂದೂ ಹೇಳಿ ಹೋದರು.

ಕಾಲೇಜಿನ ಎರಡನೆಯ ವರ್ಷ, ರಾಯಬಾಗದಲ್ಲಿ ನಡೆಯುವ ಪಂದ್ಯಕ್ಕೆ ಬರುವಂತೆ ಕಾಜಲಳೇ ತಾಯಿಗೆ ಫೋನ್ ಮಾಡಿದಳು. ರಾಮವ್ವ ಮನಿಷಾಳ ಮಾತು ನೆನಪಿಸಿದಳು. ಆಕೆಯನ್ನು ಕೇಳಿಯೇ ಕರೆಯುತ್ತಿದ್ದೇನೆ ಎಂದಳು ಕಾಜಲ.

ಅಂದು ಎದುರಿನ ತಂಡ ಒರಟಾಗಿ ಆಡುತ್ತಿತ್ತು. ಆಟ ಅರ್ಧ ಮುಗಿದಿತ್ತು. ಕಾಜಲ ನುಗ್ಗಿದಾಗ ಮೂವರು ಸೇರಿ ಕೆಡವಿದರು. ಬಿದ್ದ ಮೇಲೆ ಅವರಲ್ಲೊಬ್ಬಳು ಮೊಣಕೈಯಿಂದ ಆಕೆಯ ಮುಖಕ್ಕೆ ಗುದ್ದಿದಳು. ಮೂಗು ಒಂದು ಕಡೆಗೆ ವಾಲಿತು. ರಕ್ತ ಕೊಳಾಯಿ ಬಿಟ್ಟಂತೆ ಸುರಿದು ಜರ್ಸಿಯೆಲ್ಲ ಕೆಂಪಾಯಿತು. ಎದುರಿನ ಕಡೆಯ ಜನ ಚಪ್ಪಾಳೆ ಹೊಡೆದು, ಹಾಗೇ ಆಗಬೇಕು ಎಂದು ಕೂಗಿದರು.

ರಾಮವ್ವ ಎದ್ದು ನಿಂತಳು. ಸುತ್ತಲಿನವರೆಲ್ಲ ಆಕೆಯತ್ತ ತಿರುಗಿದರು. ಊರಿನಿಂದ ಬಂದ ಕೆಲವು ಹುಡುಗರ ಕೈಯಲ್ಲಿ ಆಗಲೇ ಕಲ್ಲು ಬಂದಿತ್ತು. ಆಕೆಯ ಒಂದು ಮಾತಿಗೆ ಅವರು ಕಾಯುತ್ತಿದ್ದರು. ಆ ಹುಡುಗಿಯ ಗಂಟಲು ಹಿಸುಕಬೇಕೆಂದು ಆಕೆಗೆ ಎಷ್ಟು ಅನಿಸಿತೆಂದರೆ ಕಣ್ಣಿಗೆ ಕತ್ತಲೆ ಬಂತು. ಮುಂದಿನ ಕಬ್ಬಿಣದ ಸರಳನ್ನು ಹಿಡಿದಳು. ಬಾಗಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು, ಪಕ್ಕದಲ್ಲಿ ಕಲ್ಲು ಹಿಡಿದವನ ಕಾಲರಿಗೆ ಕೈ ಹಾಕಿ ನೆಲಕ್ಕೆ ಒತ್ತಿದಳು. ಅವನ ಮೊಣಕಾಲು ತರಚಿತು.

"ಕುಂಡ್ರ ಲೇ," ಎಂದಳು ಸಣ್ಣ ದನಿಯಲ್ಲಿ. "ಆಟ ಆಡಾಕತ್ತಾರ ಹುಡುಗ್ಯಾರು."

ತಾನೂ ಕುಳಿತಳು. ಹಿಂದಿನಿಂದ ಯಾರೋ, ಮಗಳ ಮೂಗು ಮುರಿದರೂ ಮಿಸುಕದ ಇವಳು ಎಂಥ ತಾಯಿ ಎಂದರು. ಅದು ಕಿವಿಗೆ ಬಿತ್ತು. ನಿರ್ಣಾಯಕ ಗುದ್ದಿದವಳಿಗೆ ಕಾರ್ಡು ತೋರಿಸಿ ಹೊರಗೆ ಕಳಿಸಿದ. ಕಾಜಲ ಮೂಗಿಗೆ ಅರಳೆ ತುರುಕಿಕೊಂಡು, ಮುಖಕ್ಕೆ ಪಟ್ಟಿ ಕಟ್ಟಿಸಿಕೊಂಡು ಮತ್ತೆ ಇಳಿಯಲು ನೋಡಿದಳು. ರಕ್ತ ನಿಲ್ಲುವವರೆಗೆ ಬಿಡುವುದಿಲ್ಲ ಎಂದು ತಡೆದರು. ಅವಳಿಲ್ಲದೆ ತಂಡ ಸೋತಿತು. ಮುಗಿದ ಮೇಲೆ ಎರಡೂ ತಂಡ ಸಾಲಾಗಿ ನಿಂತು ಕೈ ಕುಲುಕಿದವು. ಗುದ್ದಿದ ಹುಡುಗಿ ತಲೆ ಎತ್ತಲಿಲ್ಲ. ಕಾಜಲ ಅವಳ ಕೈಯನ್ನೂ ಹಿಡಿದಳು, ಆದರೆ ಬೇಗ ಬಿಟ್ಟಳು.

ದವಾಖಾನೆಯಲ್ಲಿ ಡಾಕ್ಟರು ಮೂಗನ್ನು ಮರಳಿ ಜಾಗಕ್ಕೆ ಕೂಡಿಸಬೇಕು ಎಂದರು. ತಲೆ ಅಲುಗದಂತೆ ಹಿಡಿಯಲು ತಾಯಿಗೆ ಹೇಳಿದರು. ರಾಮವ್ವ ಮಗಳ ತಲೆಯನ್ನು ಎರಡೂ ಅಂಗೈ ನಡುವೆ ಹಿಡಿದಳು. ಎಲುಬು ಕೂಡಿದ ಸಪ್ಪಳಕ್ಕೆ ಕಾಜಲ ಚೀರಿ ತಾಯಿಯ ಸೀರೆಯನ್ನು ಕಚ್ಚಿದಳು.

"ಆಕಿನ್ನ ಕೊಂದ ಬಿಡೂಣು ಅನಸಿತ್ತು," ಎಂದಳು ರಾಮವ್ವ, ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ.

"ಗೊತ್ತೈತಿ," ಎಂದಳು ಕಾಜಲ. ಮೂಗಿಗೆ ಪಟ್ಟಿ ಕಟ್ಟಿದ್ದರಿಂದ ದನಿ ಒಡಕಾಗಿತ್ತು. "ನನಗೂ ಅನಸಿತ್ತು."

ಕಾಜಲ ಈಗ ಡಿಗ್ರಿ ಓದುತ್ತಾಳೆ, ಆಡುತ್ತಾಳೆ. ರಾಮವ್ವನ ಟೋಳಿಗೆ ಹಳೆಯ ಹೆಂಗಸರು ಒಬ್ಬೊಬ್ಬರಾಗಿ ಮರಳಿದ್ದಾರೆ. ಆಕೆ ಮೆತ್ತಗಾಗಿದ್ದಾಳೆ ಎಂದು ಹೇಳಲಾರೆ. ಹೋದ ಹಂಗಾಮಿನಲ್ಲೂ ಹೊಲದ ಬದುವಿನ ಜಗಳದಲ್ಲಿ ಒಬ್ಬನ ಮೇಲೆ ಕೈ ಮಾಡಿ ಠಾಣೆಯ ಮೆಟ್ಟಿಲು ಹತ್ತಿ ಬಂದಿದ್ದಾಳೆ. ಮಗಳ ಪಂದ್ಯಕ್ಕೆ ಮಾತ್ರ ತಪ್ಪದೆ ಹೋಗುತ್ತಾಳೆ. ಆಟ ಮುಗಿಯುವ ತನಕ ಮೈಯೆಲ್ಲ ಬಿಗಿ ಹಿಡಿದು ಕುಳಿತಿರುತ್ತಾಳೆ. ಮರುದಿನ ಜ್ವರ ಬಂದವಳಂತೆ ಮಲಗುತ್ತಾಳೆ. ಲಗಮಪ್ಪ ಎಣ್ಣೆ ಬಿಸಿ ಮಾಡಿ ಆಕೆಯ ಭುಜ ಉಜ್ಜುತ್ತಾನೆ.

ಮನಿಷಾಳ ಕೈ ಹಾಗೇ ಇದೆ.